ಯೆಜ್ಡಿಯ ಜೋಡಿ ಸೈಲೆನ್ಸರ್: ಸಿಲಿಂಡರ್ ಕಡೆಯಿಂದ ಬಿಗಿಯಿರಿ, ಬಾಲದ ಕಡೆಯಿಂದಲ್ಲ

ನನ್ನ ತಂದೆ ಮೈಸೂರಿನ ಯಾದವಗಿರಿಯಲ್ಲಿ ಯೆಜ್ಡಿ ಬೈಕುಗಳನ್ನು ತಯಾರಿಸುತ್ತಿದ್ದ ಐಡಿಯಲ್ ಜಾವಾ ಕಾರ್ಖಾನೆಯ ಜೋಡಣಾ ವಿಭಾಗದಲ್ಲಿದ್ದರು. 1996ರಲ್ಲಿ ಕಾರ್ಖಾನೆ ಮುಚ್ಚಿದ ಮೇಲೆ ಅವರ ಬಳಿ ಉಳಿದದ್ದು 1984ರ ಒಂದು ಯೆಜ್ಡಿ ರೋಡ್‌ಕಿಂಗ್ ಬೈಕ್ ಮತ್ತು ಸೈಲೆನ್ಸರ್ ನಟ್ ತಿರುಗಿಸುವ ಕೊಕ್ಕೆ ಸ್ಪ್ಯಾನರ್. ಈಗ ಎರಡೂ ಸರಸ್ವತಿಪುರಂನ ನಮ್ಮ ಮನೆಯ ಹಿತ್ತಿಲಿನಲ್ಲಿವೆ. ಹೋದ ತಿಂಗಳು ಎರಡೂ ಸೈಲೆನ್ಸರ್‌ಗಳನ್ನು ನಾನೇ ಬದಲಾಯಿಸಿದೆ. ಮೊದಲ ಸಲ ಇದೇ ಕೆಲಸವನ್ನು ಕೆಡಿಸಿಕೊಂಡಿದ್ದರಿಂದ ಈ ಬಾರಿಯ ಕ್ರಮವನ್ನು ವಿವರವಾಗಿ ಬರೆಯುತ್ತಿದ್ದೇನೆ.

ಕಾರಿಗೆ ಎರಡನೆಯ ಹೊಗೆ ಪೈಪು ಸೇರಿಸುವವರು ಇಲ್ಲದ್ದನ್ನು ಹೊಸದಾಗಿ ತಂದು ಕೂರಿಸುತ್ತಾರೆ. ಯೆಜ್ಡಿಯಲ್ಲಿ ಹಾಗಲ್ಲ. ಇದು ಒಂದೇ ಸಿಲಿಂಡರಿನ ಟೂ ಸ್ಟ್ರೋಕ್ ಎಂಜಿನ್. ಆದರೆ ಆ ಒಂದೇ ಸಿಲಿಂಡರಿಗೆ ಹೊಗೆ ಹೋಗಲು ಎರಡು ಬಾಯಿಗಳಿವೆ. ಒಂದು ಕಡೆಯ ದಾರಿ ಕಟ್ಟಿಕೊಂಡರೆ ಎಂಜಿನ್ ಅರ್ಧ ಉಸಿರಿನಲ್ಲಿ ಓಡುತ್ತದೆ. ಆದ್ದರಿಂದ ಸೈಲೆನ್ಸರ್‌ಗಳನ್ನು ಜೋಡಿಯಾಗಿಯೇ ಕೊಳ್ಳಿ. ಅಂಗಡಿಯಲ್ಲಿಯೇ ಎರಡರೊಳಗೂ ಸದ್ದು ತಗ್ಗಿಸಲು ಇರುವ ರಂಧ್ರಗಳ ಕೊಳವೆಗಳಾದ ಬ್ಯಾಫಲ್‌ಗಳನ್ನು ಹೊರತೆಗೆಸಿ, ಅಕ್ಕಪಕ್ಕ ಇಟ್ಟು ಉದ್ದ ಅಳೆಯಿರಿ, ರಂಧ್ರಗಳನ್ನು ಎಣಿಸಿ. ನಾನು ನೋಡಿದ ಮೊದಲ ಜೋಡಿಯಲ್ಲಿ ಒಂದು ಬ್ಯಾಫಲ್ ಇನ್ನೊಂದಕ್ಕಿಂತ ಎರಡು ಬೆರಳು ಗಿಡ್ಡವಾಗಿತ್ತು. ಹೊರಗಿನ ಕ್ರೋಮ್ ಮಾತ್ರ ಕನ್ನಡಿಯಂತಿತ್ತು.

ಬ್ಯಾಫಲ್ ಇಲ್ಲದೆ ಓಡಿಸುವ ಆಸೆ ಇದ್ದರೆ ಬಿಟ್ಟುಬಿಡಿ. ಟೂ ಸ್ಟ್ರೋಕ್‌ನಲ್ಲಿ ಹಳೆಯ ಹೊಗೆ ಹೊರಹೋಗುತ್ತಿರುವಾಗಲೇ ಹೊಸ ಮಿಶ್ರಣ ಒಳಗೆ ನುಗ್ಗುತ್ತದೆ. ಸೈಲೆನ್ಸರಿನೊಳಗಿಂದ ಹಿಂದಿರುಗುವ ಒತ್ತಡದ ಅಲೆಯೇ ಆ ಮಿಶ್ರಣ ಸುಡದೆ ಆಚೆ ಜಾರಿಹೋಗುವುದನ್ನು ಒಂದಷ್ಟು ತಡೆಯುತ್ತದೆ. ಬ್ಯಾಫಲ್ ತೆಗೆದು ಚಾಮುಂಡಿ ಬೆಟ್ಟ ಹತ್ತಿಸಿದಾಗ ನನ್ನ ಬೈಕಿನಲ್ಲಿ ಸದ್ದು ಏರಿತು, ಎಳೆತ ಇಳಿಯಿತು. ಕಾನೂನು ಕೂಡ ಇದೆ: ಅತಿಯಾದ ಸದ್ದಿಗೆ ಮೋಟಾರು ವಾಹನ ಕಾಯ್ದೆಯ 190(2)ನೇ ಕಲಮಿನಡಿ ದಂಡ ಬೀಳುತ್ತದೆ.

ಹಳೆಯದನ್ನು ಬಿಚ್ಚುವಾಗ ಆತುರ ಬೇಡ. ಸೈಲೆನ್ಸರಿಗೆ ಹೊಗೆ ಒಯ್ಯುವ ಬಾಗಿದ ಬೆಂಡ್ ಪೈಪನ್ನು ಸಿಲಿಂಡರಿಗೆ ಹಿಡಿದಿಟ್ಟಿರುವ ದೊಡ್ಡ ಉಂಗುರದಂಥ ನಟ್‌ಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಡಿ. ಬೆಳಿಗ್ಗೆ ಕೊಕ್ಕೆ ಸ್ಪ್ಯಾನರ್ ಸಿಕ್ಕಿಸಿ, ಅಂಗೈಯಿಂದ ಒತ್ತಿ ತಿರುಗಿಸಿ. ನಗರದ ಒಂದು ಗ್ಯಾರೇಜಿನಲ್ಲಿ ಇದೇ ನಟ್‌ಗೆ ಉಳಿ ಇಟ್ಟು ಸುತ್ತಿಗೆಯಿಂದ ಹೊಡೆದರು. ನಟ್ ಬಂತು, ಜೊತೆಗೆ ಸಿಲಿಂಡರಿನ ಎರಡು ಸುತ್ತು ಥ್ರೆಡ್ಡೂ ಬಂತು. ಯೆಜ್ಡಿಯ ಸಿಲಿಂಡರ್ ಎರಕದ ಕಬ್ಬಿಣ. ಅಲ್ಲಿನ ಥ್ರೆಡ್ ಒಮ್ಮೆ ಮುರಿದರೆ ಲೇತ್ ಅಂಗಡಿಯವರನ್ನು ಹುಡುಕಿಕೊಂಡು ಅಲೆಯಬೇಕು. ನಾನು ಮೂರು ವಾರ ಅಲೆದಿದ್ದೇನೆ. ಕೊಕ್ಕೆ ಸ್ಪ್ಯಾನರ್ ಇಲ್ಲದವರ ಕೈಗೆ ಈ ನಟ್ ಕೊಡಬೇಡಿ.

ಸೈಲೆನ್ಸರ್ ಚೆನ್ನಾಗಿದ್ದು ಬ್ಯಾಫಲ್ ಮಾತ್ರ ಮಸಿ ಕಟ್ಟಿದ್ದರೆ ಹೊಸದು ಬೇಡ. ಪ್ಲಾಸ್ಟಿಕ್ ಬಕೆಟ್ಟಿನ ನೀರಿಗೆ ಕಾಸ್ಟಿಕ್ ಸೋಡಾವನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ ಒಂದು ರಾತ್ರಿ ನೆನೆಸಿಡಿ. ಸೋಡಾದ ಮೇಲೆ ನೀರು ಸುರಿಯಲೇಬೇಡಿ, ಉಕ್ಕಿ ಮುಖಕ್ಕೆ ಹಾರುತ್ತದೆ. ರಬ್ಬರ್ ಕೈಗವಸು, ಕನ್ನಡಕ ಇರಲಿ. ಅಲ್ಯೂಮಿನಿಯಂ ಭಾಗ ಯಾವುದೂ ಅದರೊಳಗೆ ಬೀಳಬಾರದು, ಕರಗಿಹೋಗುತ್ತದೆ.

ಇನ್ನು ಕೂರಿಸುವುದು. ಸಿಲಿಂಡರಿನ ಥ್ರೆಡ್ಡನ್ನು ಸೀಮೆಎಣ್ಣೆಯಲ್ಲಿ ಅದ್ದಿದ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಒರೆಸಿ, ತೆಳುವಾಗಿ ಕಾಪರ್ ಗ್ರೀಸ್ ಸವರಿ. ಪೈಪಿನ ಬಾಯಿಗೆ ಇಡುವ ತಾಮ್ರದ ಉಂಗುರ ಹಳೆಯದಾದರೆ ಗಡುಸಾಗಿರುತ್ತದೆ. ಗ್ಯಾಸ್ ಒಲೆಯ ಮೇಲೆ ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ಮತ್ತೆ ಮೃದುವಾಗುತ್ತದೆ. ಆಮೇಲೆ ಪೈಪನ್ನು ನೇರವಾಗಿ ಹಿಡಿದು ನಟ್ಟನ್ನು ಮೊದಲು ಉಲ್ಟಾ ದಿಕ್ಕಿಗೆ ನಿಧಾನವಾಗಿ ತಿರುಗಿಸಿ. ಒಂದು ಕಡೆ ಸಣ್ಣಗೆ ‘ಟಕ್’ ಎಂದು ಕೆಳಗೆ ಇಳಿದಂತಾಗುತ್ತದೆ; ಥ್ರೆಡ್ಡಿನ ತುದಿ ಅಲ್ಲಿದೆ. ಅಲ್ಲಿಂದ ಸರಿ ದಿಕ್ಕಿಗೆ ತಿರುಗಿಸಿ. “ಮೂರು ಸುತ್ತು ಬೆರಳಿಗೆ ಬಗ್ಗದಿದ್ದರೆ ಸ್ಪ್ಯಾನರ್ ಮುಟ್ಟಬೇಡ, ಪುಟ್ಟಿ” ಎನ್ನುತ್ತಿದ್ದರು ಅಪ್ಪ. ಬಗ್ಗದಿದ್ದರೆ ಬಿಚ್ಚಿ ಮತ್ತೆ ಹುಡುಕಿ, ಎಷ್ಟು ಸಲವಾದರೂ ಸರಿ.

ಎರಡೂ ನಟ್‌ಗಳು ಬೆರಳ ಬಿಗಿಯಲ್ಲಿ ನಿಂತ ಮೇಲೆ ಬೆಂಡ್ ಪೈಪಿಗೆ ಸೈಲೆನ್ಸರ್ ತೂರಿಸಿ, ಕ್ಲಾಂಪನ್ನೂ ಹಿಂದಿನ ಬ್ರಾಕೆಟ್ಟಿನ ಬೋಲ್ಟನ್ನೂ ಸಡಿಲವಾಗಿಯೇ ಹಾಕಿ. ಈಗ ಬೈಕಿನ ಹಿಂದೆ ನಾಲ್ಕು ಹೆಜ್ಜೆ ದೂರದಲ್ಲಿ ಕುಳಿತು ಎರಡೂ ಬಾಲಗಳು ಒಂದೇ ಎತ್ತರದಲ್ಲಿವೆಯೇ ನೋಡಿ. ಎಡಗಡೆ ಕಿಕ್ ಲಿವರ್ ಪೂರ್ತಿ ಕೆಳಗೆ ಹೋದಾಗಲೂ, ಬಲಗಡೆ ಬ್ರೇಕ್ ಪೆಡಲ್ ತುಳಿದಾಗಲೂ ಸೈಲೆನ್ಸರಿಗೆ ತಾಗಬಾರದು.

ಮೊದಲ ಸಲ ನಾನು ತಪ್ಪಿದ್ದು ಇದರ ನಂತರ. ಕೈಗೆ ಸುಲಭವಾಗಿ ಸಿಗುತ್ತದೆಂದು ಹಿಂದಿನ ಬೋಲ್ಟನ್ನೇ ಮೊದಲು ಬಿಗಿದೆ. ಸೈಲೆನ್ಸರ್ ಪೈಪನ್ನು ಪಕ್ಕಕ್ಕೆ ಎಳೆದು ಹಿಡಿಯಿತು. ನಟ್ ಬಿಗಿಯಾದಂತೆ ಕಂಡರೂ ಉಂಗುರದ ಮೇಲೆ ಪೈಪು ಓರೆಯಾಗಿ ಕೂತಿತ್ತು. ಬನ್ನೂರು ರಸ್ತೆಯಲ್ಲಿ ಅದುರಿ ಅದುರಿ ನಟ್ ಸಡಿಲವಾಯಿತು. ಸಡಿಲವಾದ ನಟ್ ಒಂದೊಂದು ಕಿಲೋಮೀಟರಿಗೂ ಥ್ರೆಡ್ಡನ್ನು ತಿನ್ನುತ್ತದೆ. ಹಾಗಾಗಿ ಮೊದಲು ಎರಡೂ ಸಿಲಿಂಡರ್ ನಟ್‌ಗಳು, ಒಂದು ಕಡೆ ಸ್ವಲ್ಪ, ಇನ್ನೊಂದು ಕಡೆ ಸ್ವಲ್ಪ. ಆಮೇಲೆ ಕ್ಲಾಂಪುಗಳು. ಕೊನೆಗೆ ಹಿಂದಿನ ಬೋಲ್ಟು. ಅದರ ರಂಧ್ರ ಬ್ರಾಕೆಟ್ಟಿಗೆ ಹೊಂದದಿದ್ದರೆ ಸೈಲೆನ್ಸರನ್ನು ಎಳೆದು ತರಬೇಡಿ, ನಡುವೆ ವಾಷರ್ ಕೊಡಿ.

ಬಯಲಿನಲ್ಲಿ ಬೈಕ್ ನಿಲ್ಲಿಸಿ ಸ್ಟಾರ್ಟ್ ಮಾಡಿ. ಎರಡೂ ಬಾಲಗಳ ಹಿಂದೆ ಒಂದಡಿ ದೂರದಲ್ಲಿ ಅಂಗೈ ಹಿಡಿದರೆ ಗಾಳಿಯ ತಳ್ಳುವಿಕೆ ಸಮನಾಗಿರಬೇಕು. ನಾನು ಲೀಟರ್ ಪೆಟ್ರೋಲಿಗೆ 40 ಮಿ.ಲೀ. 2ಟಿ (ಟೂ ಸ್ಟ್ರೋಕ್ ಎಂಜಿನ್ನಿನ) ಎಣ್ಣೆ ಬೆರೆಸುತ್ತೇನೆ. ಆ ಅಳತೆಯಲ್ಲಿ ಹೊಗೆ ಎರಡೂ ಕಡೆ ಒಂದೇ ಬಣ್ಣದಲ್ಲಿ ಬಂತು.

ಕೆಲಸ ಅಲ್ಲಿಗೇ ಮುಗಿಯಲಿಲ್ಲ. ಶ್ರೀರಂಗಪಟ್ಟಣದವರೆಗೆ ಸರ್ವಿಸ್ ರಸ್ತೆಯಲ್ಲಿ ಹೋದೆ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥಕ್ಕೆ 2023ರ ಆಗಸ್ಟ್‌ನಿಂದ ಬೈಕುಗಳಿಗೆ ಪ್ರವೇಶವಿಲ್ಲ. ಪಶ್ಚಿಮವಾಹಿನಿಯ ಬಳಿ ನೆರಳಿನಲ್ಲಿ ಎಂಜಿನ್ ಪೂರ್ತಿ ತಣ್ಣಗಾಗುವವರೆಗೆ ಕಾದು ಕೊಕ್ಕೆ ಸ್ಪ್ಯಾನರ್ ಹಾಕಿದೆ. ಎರಡೂ ನಟ್‌ಗಳು ಇನ್ನೂ ಕಾಲು ಸುತ್ತು ತಿರುಗಿ ಬಿಗಿಯಾದವು. ಕಾವಿಗೆ ತಾಮ್ರದ ಉಂಗುರ ಕುಗ್ಗಿ ಕೂತಿತ್ತು. ಮರುದಿನ ಬೆಳಿಗ್ಗೆ ನಟ್‌ಗಳ ಸುತ್ತ ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ಜಿಡ್ಡಿನ ಮಸಿ ಅಂಟಿದರೆ ಆ ಕಡೆಯ ಉಂಗುರವನ್ನು ತೆಗೆದು ಮತ್ತೊಮ್ಮೆ ಕಾಯಿಸಿ ಕೂರಿಸಬೇಕು. ನನ್ನ ಬಟ್ಟೆಗೆ ಎಡಗಡೆ ಸ್ವಲ್ಪ ಅಂಟಿತ್ತು; ಅದನ್ನು ಬಿಚ್ಚಿ ಸರಿಮಾಡಿದ ಮೇಲೆಯೇ ಅಪ್ಪನನ್ನು ಹಿಂದೆ ಕೂರಿಸಿಕೊಂಡು ಯಾದವಗಿರಿಯ ಕಡೆ ಹೊರಟೆ.