ಕರಡಿನಿಂದ ಲೇಖನದವರೆಗೆ: ನಾನು ತಿದ್ದುವ ರೀತಿ

ಹಳ್ಳಿಯ ಕೆರೆ, ಬಾವಿ, ಬೆಳೆಗಳ ಬಗ್ಗೆ ನಾನು ಪತ್ರಿಕೆಗಳಿಗೆ ಬರೆಯುತ್ತೇನೆ. ಬರೆಯುವುದಕ್ಕಿಂತ ತಿದ್ದುವುದಕ್ಕೇ ಹೊತ್ತು ಜಾಸ್ತಿ ಹಿಡಿಯುತ್ತದೆ. ಲೇಖನ ನಿಜವಾಗಿ ಹುಟ್ಟುವುದು ಆಗಲೇ ಅಂತ ನನಗೆ ಅನ್ನಿಸುತ್ತದೆ.

ಮೊದಲ ಕರಡನ್ನು ಮೊಬೈಲ್‌ಗೆ ಹೇಳಿ ಬರೆಸುತ್ತೇನೆ. ಗೂಗಲ್‌ನ ಕೀಬೋರ್ಡ್ ಆ್ಯಪ್ ಜಿಬೋರ್ಡ್‌ನ ಮೈಕ್ ಒತ್ತಿ ಕನ್ನಡದಲ್ಲಿ ಮಾತಾಡಿದರೆ ಅಕ್ಷರ ಮೂಡುತ್ತಾ ಹೋಗುತ್ತದೆ. ಊರಿನ ಹೆಸರು, ಒತ್ತಕ್ಷರ ಅಲ್ಲಲ್ಲಿ ತಪ್ಪಾಗುತ್ತವೆ. ಆಗ ನಿಲ್ಲಿಸಿ ತಿದ್ದಲು ಹೋಗುವುದಿಲ್ಲ. ಪರಿಚಯದವರಿಗೆ ಹೇಳುವ ಹಾಗೆ ಕೊನೆಯವರೆಗೆ ಹೇಳಿಬಿಡುತ್ತೇನೆ. ಆಮೇಲೆ ಒಂದೆರಡು ದಿನ ಅದನ್ನು ಮುಟ್ಟುವುದಿಲ್ಲ.

ತಿದ್ದಲು ಕೂತಾಗ ಪ್ರಿಂಟ್ ತೆಗೆದುಕೊಳ್ಳುತ್ತೇನೆ. ಮೊದಲು ನೋಡುವುದು ಕಾಗುಣಿತವನ್ನಲ್ಲ, ಲೇಖನ ಎಲ್ಲಿಂದ ಶುರುವಾಗಬೇಕು ಅನ್ನುವುದನ್ನು. ಒಂದು ಕೆರೆಯ ಮೇಲಿನ ಕರಡು ರಾಜ್ಯದಲ್ಲಿ 36,000ಕ್ಕೂ ಹೆಚ್ಚು ಕೆರೆಗಳಿವೆ ಎಂಬಲ್ಲಿಂದ ಹೊರಟು, ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯನ್ನು ಸುತ್ತಿಕೊಂಡು, ಮೂರನೇ ಪ್ಯಾರಾದಲ್ಲಿ ಆ ಕೆರೆಯ ಊರಿಗೆ ಬಂದಿತ್ತು. ಅಲ್ಲಿ ನೀರಗಂಟಿ ಇದ್ದರು. ತೂಬು ಎತ್ತಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನಿರ್ಧರಿಸುವವರು. ಓದುವವರಿಗೆ ಬೇಕಿದ್ದದ್ದು ಅವರು. ಅವರನ್ನು ಮೊದಲ ಸಾಲಿಗೆ ತಂದೆ. ಅಂಕಿ ಕೆಳಗೆ ಒಂದೇ ವಾಕ್ಯವಾಗಿ ಉಳಿಯಿತು, ಸೂಳೆಕೆರೆ ಪೂರ್ತಿ ಹೋಯಿತು.

ಆಮೇಲಿನ ಕೆಲಸ ಕಂಪ್ಯೂಟರಿನಲ್ಲಿ. ಮಾಡಿದವರು ಯಾರು ಅಂತ ಹೇಳದ ವಾಕ್ಯಗಳು ಸಿಗಲಿ ಅಂತ 'ಲಾಗಿದೆ', 'ಲಾಯಿತು' ಎಂದು ಟೈಪ್ ಮಾಡಿ ಕಡತದಲ್ಲಿ ಹುಡುಕುತ್ತೇನೆ. (ಹಳೆಯ ನುಡಿ ಫಾಂಟ್‌ನ ಕಡತವಾದರೆ ಮೊದಲು ಯೂನಿಕೋಡ್‌ಗೆ ಬದಲಿಸಿಕೊಳ್ಳಿ, ಇಲ್ಲದಿದ್ದರೆ ಏನೂ ಸಿಗುವುದಿಲ್ಲ. ಬದಲಿಸಿದ ಮೇಲೆ ಅರ್ಕಾವೊತ್ತು ಇರುವ ಪದಗಳನ್ನೂ ಒಮ್ಮೆ ನೋಡಿಕೊಳ್ಳಿ.) ಸಿಕ್ಕ ಪ್ರತಿ ವಾಕ್ಯಕ್ಕೂ ನನ್ನದು ಒಂದೇ ಪ್ರಶ್ನೆ: ಯಾರು ಮಾಡಿದರು? ಕೆರೆಯ ಲೇಖನದಲ್ಲಿ 'ಹೂಳು ತೆಗೆಯಲಾಯಿತು' ಅಂತ ಇತ್ತು. ಯಾರು ತೆಗೆದರು ಅನ್ನುವುದು ನನ್ನ ಟಿಪ್ಪಣಿಯಲ್ಲಿ ಇರಲಿಲ್ಲ. ಊರಿಗೆ ಫೋನ್ ಮಾಡಿದೆ. ರೈತರೇ ತಮ್ಮ ಟ್ರ್ಯಾಕ್ಟರ್ ತಂದು ಹೂಳು ತುಂಬಿಕೊಂಡು ಹೋಗಿ ಹೊಲಕ್ಕೆ ಹಾಕಿಕೊಂಡಿದ್ದರಂತೆ. ಮರಳು ನೆಲಕ್ಕೆ ಕೆರೆಗೋಡು, ಅಂದರೆ ಕೆರೆಯ ಹೂಳುಮಣ್ಣು, ಬಿದ್ದರೆ ತೇವ ಹೆಚ್ಚು ದಿನ ನಿಲ್ಲುತ್ತದೆ. ಕೆರೆಯೂ ಆಳವಾಯಿತು, ಹೊಲಕ್ಕೂ ಗೊಬ್ಬರವಾಯಿತು. ಇಡೀ ಲೇಖನದ ಒಳ್ಳೆಯ ಭಾಗ ಒಂದು ಕ್ರಿಯಾಪದದ ಹಿಂದೆ ಅಡಗಿ ಕೂತಿತ್ತು. ಅದಕ್ಕೇ ಈ ಹುಡುಕಾಟವನ್ನು ಬರೀ ಭಾಷೆ ತಿದ್ದುವ ಕೆಲಸ ಅಂತ ನಾನು ಅಂದುಕೊಂಡಿಲ್ಲ.

ಇನ್ನು ಉದ್ದದ ವಾಕ್ಯಗಳು. 'ಹೋದ ಬೇಸಿಗೆಯಲ್ಲಿ ಹೂಳು ತೆಗೆದ ಕೆರೆಯ ಏರಿಯ ಮೇಲೆ ಬೆಳೆದಿದ್ದ ಜಾಲಿಯನ್ನು ಕಡಿಯಲು ಬಂದ ಕೂಲಿಯವರು...' ಕೂಲಿಯವರು ಏನು ಮಾಡಿದರು ಅಂತ ತಿಳಿಯುವ ಹೊತ್ತಿಗೆ ಓದುವವರಿಗೆ ಸುಸ್ತಾಗಿರುತ್ತದೆ, ಅಲ್ವಾ? ಗಟ್ಟಿಯಾಗಿ ಓದಿದರೆ ಇಂಥವು ತಾವಾಗಿ ಸಿಕ್ಕಿಬೀಳುತ್ತವೆ. ಉಸಿರು ಸಾಲದ ಕಡೆ ಗೆರೆ ಎಳೆದು, ಎರಡು ಮೂರು ವಾಕ್ಯ ಮಾಡುತ್ತೇನೆ. 'ಅವರು', 'ಮತ್ತು' ಎಷ್ಟೋ ಕಡೆ ಸುಮ್ನೆ ಬಂದಿರುತ್ತವೆ, ತೆಗೆದರೆ ಏನೂ ಕೆಡುವುದಿಲ್ಲ.

ಮನೆಯವರಿಗೆ ಓದಿ ಹೇಳಿದಾಗ 'ಚೆನ್ನಾಗಿದೆಯಾ?' ಅಂತ ಕೇಳುವುದಿಲ್ಲ. ಚೆನ್ನಾಗಿದೆ ಅಂತಲೇ ಹೇಳುತ್ತಾರೆ. 'ಹೂಳನ್ನು ಏನು ಮಾಡಿದರು, ಹೇಳು ನೋಡೋಣ' ಅಂತ ಕೇಳುತ್ತೇನೆ. ಉತ್ತರ ತಡವರಿಸಿದರೆ ಆ ಪ್ಯಾರಾವನ್ನು ಮತ್ತೆ ಬರೆಯುತ್ತೇನೆ.

ಕೊನೆಗೆ ಹೆಸರು, ಅಂಕಿ, ಊರುಗಳನ್ನು ಟಿಪ್ಪಣಿ ಪುಸ್ತಕದ ಜೊತೆ ತಾಳೆ ನೋಡುತ್ತೇನೆ. ಯಾರ ಮಾತನ್ನು ಲೇಖನದಲ್ಲಿ ಬಳಸಿದ್ದೇನೋ ಅವರಿಗೆ ಫೋನಿನಲ್ಲೇ ಆ ಸಾಲುಗಳನ್ನು ಓದಿ ಹೇಳುತ್ತೇನೆ. ಅವರು ಹೂಂ ಅಂದ ಮೇಲೆ ಲೇಖನವನ್ನು ಸಂಪಾದಕರಿಗೆ ಕಳಿಸುತ್ತೇನೆ.