ಖಾಲಿ ಪೆಟ್ಟಿಗೆ ಎತ್ತಿದರೆ ಗೊತ್ತಾಗುತ್ತದೆ: ಅನಿಮೇಟರ್ ಶೋರೀಲ್ ಸಿದ್ಧಪಡಿಸುವುದು ಹೇಗೆ?

ಅನಿಮೇಷನ್ ಸ್ಟುಡಿಯೊಗೆ ಅರ್ಜಿ ಹಾಕಿದರೆ ಅಂಕಪಟ್ಟಿಗಿಂತ ಮೊದಲು ತೆರೆಯುವುದು ಶೋರೀಲ್‌ನ, ಅಂದರೆ ನಿಮ್ಮ ಆಯ್ದ ಕೆಲಸಗಳ ಕಿರು ವಿಡಿಯೊದ ಲಿಂಕ್. ನೋಡುವವರ ಮುಂದೆ ಇನ್ನೂ ಹತ್ತಾರು ರೀಲ್‌ಗಳು ಸಾಲುಗಟ್ಟಿರುತ್ತವೆ. ಮೊದಲ ಶಾಟ್‌ನಲ್ಲೇ ಪಾತ್ರದ ಕಾಲು ನೆಲದ ಮೇಲೆ ಜಾರಿದರೆ ಉಳಿದದ್ದನ್ನು ಓಡಿಸಿ ನೋಡುತ್ತಾರೆ, ಇಲ್ಲವೇ ಮುಚ್ಚಿಬಿಡುತ್ತಾರೆ. ಹಾಗಾಗಿ ಮೂರು ನಿಮಿಷದ ರೀಲ್ ಮಾಡುವ ಆಸೆ ಬಿಡಿ. 60ರಿಂದ 75 ಸೆಕೆಂಡು, ನಾಲ್ಕೈದು ಶಾಟ್ ಸಾಕು. ಐದನೆಯದು ಸಪ್ಪೆ ಅನಿಸಿದರೆ ನಾಲ್ಕೇ ಇರಲಿ. ರೀಲ್‌ನ ಮಟ್ಟ ನಿಲ್ಲುವುದು ಅದರಲ್ಲಿರುವ ಅತಿ ದುರ್ಬಲ ಶಾಟ್ ಮೇಲೆ.

ಯಾವ ಕುರ್ಚಿಗೆ?

ಮಾಡೆಲಿಂಗ್ (ಪಾತ್ರದ ಆಕಾರ ರೂಪಿಸುವುದು), ರಿಗ್ಗಿಂಗ್ (ಅದನ್ನು ಆಡಿಸಲು ಮೂಳೆ, ಹಿಡಿಕೆಗಳ ಚೌಕಟ್ಟು ಕಟ್ಟುವುದು), ಅನಿಮೇಷನ್, ಲೈಟಿಂಗ್, ಕಾಂಪೊಸಿಟಿಂಗ್ (ಪದರಗಳನ್ನು ಜೋಡಿಸಿ ಅಂತಿಮ ಚಿತ್ರ ಮಾಡುವುದು) ಎಲ್ಲವನ್ನೂ ಒಂದೇ ರೀಲ್‌ಗೆ ತುರುಕಿದರೆ ದೊಡ್ಡ ಸ್ಟುಡಿಯೊದಲ್ಲಿ ಯಾವ ವಿಭಾಗದವರೂ ಅದನ್ನು ತಮ್ಮದೆಂದು ಎತ್ತಿಕೊಳ್ಳುವುದಿಲ್ಲ. ಮಾಡೆಲರ್ ಆದರೆ ಮಾದರಿಯನ್ನು ಸುತ್ತಲೂ ತಿರುಗಿಸಿ ತೋರಿಸಬೇಕು, ಜೊತೆಗೆ ಅದರ ಗೆರೆಬಲೆ, ಅಂದರೆ ವೈರ್‌ಫ್ರೇಮ್ ಇರಬೇಕು. ರಿಗ್ಗರ್ ಆದರೆ ತೋಳು ಮೇಲೆತ್ತಿದಾಗ ಭುಜ ಕುಸಿಯದೆ ನಿಲ್ಲುವುದನ್ನು ತೋರಿಸಬೇಕು. ಎಲ್ಲವನ್ನೂ ಬಲ್ಲ ಜನರಲಿಸ್ಟ್‌ಗಳು ಬೇಕಾಗುವುದು ಸಣ್ಣ ತಂಡಗಳಿಗೆ. ಅಲ್ಲಿಗೆ ಬೇರೆಯೇ ರೀಲ್ ಕಳಿಸಿ. ಇಲ್ಲಿ ಹೇಳುತ್ತಿರುವುದು ಪಾತ್ರಗಳಿಗೆ ಚಲನೆ ಕೊಡುವ ಅನಿಮೇಟರ್‌ನ ರೀಲ್ ಬಗ್ಗೆ.

ಅದರಲ್ಲಿ ಒಂದು ಶಾಟ್ ಮೈಯ ಭಾರವನ್ನು ತೋರಿಸಲೇಬೇಕು. ಹಾರುವುದು, ಒದೆಯುವುದು, ಕತ್ತಿವರಸೆ ಎಲ್ಲರೂ ಮಾಡುತ್ತಾರೆ. ಭಾರದ ಪೆಟ್ಟಿಗೆಯೊಂದನ್ನು ಎತ್ತಿ ಎರಡು ಹೆಜ್ಜೆ ನಡೆಯುವ 6 ಸೆಕೆಂಡಿನ ಶಾಟ್ ನೋಡಲು ಸರಳ. ಆದರೆ ಅನಿಮೇಟರ್‌ಗೆ ತೂಕ ಗೊತ್ತಿದೆಯೋ ಇಲ್ಲವೋ ಎಂಬುದನ್ನು ಬಚ್ಚಿಡಲು ಅಲ್ಲಿ ಜಾಗವಿಲ್ಲ.

ಆ 144 ಫ್ರೇಮ್‌ಗಳು

ಸೆಕೆಂಡಿಗೆ 24 ಫ್ರೇಮ್‌ನಂತೆ 6 ಸೆಕೆಂಡಿಗೆ 144 ಫ್ರೇಮ್. ಮೊದಲು ರೆಫರೆನ್ಸ್ ವಿಡಿಯೊ ತೆಗೆಯಿರಿ: ಒಂದು ನಿಮ್ಮ ಶಾಟ್‌ನ ಕ್ಯಾಮೆರಾ ಕೋನದಿಂದ, ಇನ್ನೊಂದು ಪಕ್ಕದಿಂದ. ಪೆಟ್ಟಿಗೆಯಲ್ಲಿ ನಿಜಕ್ಕೂ ಭಾರವಿರಲಿ. ಖಾಲಿ ಪೆಟ್ಟಿಗೆ ಹಿಡಿದು ಎಷ್ಟೇ ತಿಣುಕಿದರೂ ಸೊಂಟ ಸುಳ್ಳು ಹೇಳುವುದಿಲ್ಲ. ಫೋನ್ ಸಾಮಾನ್ಯವಾಗಿ 30 ಫ್ರೇಮ್‌ನಲ್ಲಿ ಚಿತ್ರೀಕರಿಸುತ್ತದೆ, ಅದೂ ಏರುಪೇರಾದ ವೇಗದಲ್ಲಿ. ಅದನ್ನು ಸ್ಥಿರ 24ಕ್ಕೆ ಪರಿವರ್ತಿಸದೆ ಫ್ರೇಮ್ ಎಣಿಸಿದರೆ ಇಡೀ ಟೈಮಿಂಗ್ ತಪ್ಪುತ್ತದೆ.

ಈಗ ಬ್ಲಾಕಿಂಗ್, ಅಂದರೆ ಚಲನೆಯ ಒರಟು ಕರಡು. ಟ್ಯಾಂಜೆಂಟ್ ಸ್ಟೆಪ್ಡ್ ಇಟ್ಟುಕೊಂಡು (ಆಗ ಪಾತ್ರ ನಡುವಿನ ಚಲನೆಯಿಲ್ಲದೆ ಭಂಗಿಯಿಂದ ಭಂಗಿಗೆ ಜಿಗಿಯುತ್ತದೆ) ಮುಖ್ಯ ಭಂಗಿಗಳನ್ನಷ್ಟೇ ನಿಲ್ಲಿಸಿ. ಒಂದು ಲೆಕ್ಕ ಹೀಗಿರಬಹುದು: 1ರಿಂದ 20ನೇ ಫ್ರೇಮ್‌ವರೆಗೆ ಪಾತ್ರ ಪೆಟ್ಟಿಗೆ ನೋಡುತ್ತದೆ; 34ಕ್ಕೆ ಬಗ್ಗಿರುತ್ತದೆ; 40ಕ್ಕೆ ಬೆರಳು ಹಿಡಿತಕ್ಕೆ ಸಿಕ್ಕಿರುತ್ತದೆ. 40ರಿಂದ 58ರವರೆಗೆ ಪೆಟ್ಟಿಗೆ ಅಲುಗುವುದೇ ಇಲ್ಲ. ಇಡೀ ಶಾಟ್ ನಿಂತಿರುವುದು ಈ 18 ಫ್ರೇಮ್‌ಗಳ ಮೇಲೆ. ತೋಳು ನೇರವಾಗುತ್ತದೆ, ಭುಜ ಕೆಳಕ್ಕೆ ಸೆಳೆದುಕೊಳ್ಳುತ್ತದೆ, ಸೊಂಟ ಮೇಲೇಳಲು ನೋಡುತ್ತದೆ. 58ಕ್ಕೆ ಒಂದು ಮೂಲೆ ಮಾತ್ರ ನೆಲ ಬಿಡುತ್ತದೆ. 76ಕ್ಕೆ ಪೆಟ್ಟಿಗೆ ತೊಡೆಯ ಮಟ್ಟಕ್ಕೆ. 90ರವರೆಗೆ ಅಲ್ಲೇ ಆನಿಸಿ ಹಿಡಿತ ಬದಲಾವಣೆ. 108ಕ್ಕೆ ಎದೆಯ ಹತ್ತಿರ. ಉಳಿದ 36 ಫ್ರೇಮ್‌ನಲ್ಲಿ ಎರಡು ಹೆಜ್ಜೆ, ತಲಾ 18. ಸಾಮಾನ್ಯ ನಡಿಗೆಯ ಹೆಜ್ಜೆ 12 ಫ್ರೇಮ್; ಹೊರೆ ಹೊತ್ತವರ ಹೆಜ್ಜೆ ನಿಧಾನ, ಗಿಡ್ಡ, ಪಾದಗಳ ನಡುವಿನ ಅಂತರ ಅಗಲ, ಪಾದ ನೆಲದಿಂದ ಹೆಚ್ಚು ಏಳುವುದಿಲ್ಲ.

ಪೆಟ್ಟಿಗೆ ಎತ್ತಿ ನಿಂತ ಪ್ರತಿ ಭಂಗಿಯಲ್ಲೂ ಒಂದು ಪರೀಕ್ಷೆ ಮಾಡಿ. ಮೈ ಮತ್ತು ಪೆಟ್ಟಿಗೆ ಎರಡನ್ನೂ ಸೇರಿಸಿ ಗುರುತ್ವ ಕೇಂದ್ರ ಊಹಿಸಿಕೊಂಡು ಅಲ್ಲಿಂದ ಕೆಳಕ್ಕೊಂದು ಗೆರೆ ಎಳೆಯಿರಿ. ಅದು ಪಾದಗಳು ಆವರಿಸಿದ ಜಾಗದಿಂದ ಹೊರಗೆ ಬಿದ್ದರೆ ಆ ಪಾತ್ರ ನಿಜದಲ್ಲಿ ಮುಗ್ಗರಿಸಬೇಕಿತ್ತು. ಪೆಟ್ಟಿಗೆ ಮುಂದಿದ್ದಷ್ಟೂ ಮೈಯ ಮೇಲ್ಭಾಗ ಹಿಂದಕ್ಕೆ ವಾಲಬೇಕು.

ಕೈಗೆ ಪೆಟ್ಟಿಗೆಯನ್ನು ಅಂಟಿಸಬೇಡಿ. ಪೆಟ್ಟಿಗೆಯನ್ನೇ ಮೊದಲು ಅನಿಮೇಟ್ ಮಾಡಿ, ಎರಡೂ ಕೈಗಳ ಐಕೆ ಕಂಟ್ರೋಲ್‌ಗಳು (ಅಂಗೈ ಎಳೆದರೆ ಇಡೀ ತೋಳು ಜೊತೆಗೆ ಬರುವ ಹಿಡಿಕೆಗಳು) ಅದನ್ನು ಹಿಂಬಾಲಿಸುವಂತೆ ಕನ್‌ಸ್ಟ್ರೇಂಟ್, ಅಂದರೆ ಕಟ್ಟು ಹಾಕಿ. ಒಂದು ಕೈಗೆ ಕಟ್ಟಿದರೆ ಇನ್ನೊಂದು ಕೈ ಪೆಟ್ಟಿಗೆಯೊಳಗೆ ತೂರುತ್ತದೆ, ಅದನ್ನು ತಿದ್ದುವುದರಲ್ಲೇ ದಿನ ಹೋಗುತ್ತದೆ. ಕನ್‌ಸ್ಟ್ರೇಂಟ್ ಶುರುವಾಗುವ ಫ್ರೇಮ್‌ನಲ್ಲಿ ಕೈ ಚಕ್ಕನೆ ಹಾರಿದರೆ ಕೈ ಮತ್ತು ಪೆಟ್ಟಿಗೆಯ ನಡುವಿನ ಅಂತರ (ಆಫ್‌ಸೆಟ್) ಸರಿ ಕೂತಿಲ್ಲ ಎಂದರ್ಥ.

ಸ್ಪ್ಲೈನ್‌ಗೆ ಬಂದಾಗ ಕೆಡುವುದು

ಸ್ಟೆಪ್ಡ್‌ನಿಂದ ಸ್ಪ್ಲೈನ್‌ಗೆ, ಅಂದರೆ ಭಂಗಿಗಳ ನಡುವಿನ ಚಲನೆಯನ್ನು ಸಾಫ್ಟ್‌ವೇರ್ ತುಂಬುವ ವಿಧಾನಕ್ಕೆ ಬದಲಾಯಿಸಿದ ಕೂಡಲೇ ಪಾತ್ರ ನೀರಿನಲ್ಲಿ ತೇಲಿದಂತೆ ಕಾಣುತ್ತದೆ. ನೀವು ಗುರುತಿಸಿದ ಮುಖ್ಯ ಭಂಗಿಗಳ (ಕೀಲಿಗಳ) ನಡುವೆ ಅಂತರ ಜಾಸ್ತಿಯಿದ್ದಷ್ಟೂ ಸಾಫ್ಟ್‌ವೇರ್ ತನ್ನ ಪಾಡಿಗೆ ನಯವಾಗಿ ತುಂಬುತ್ತದೆ. ಅದಕ್ಕೆ ತೂಕದ ಗಂಧವಿಲ್ಲ. ಸ್ಪ್ಲೈನ್‌ಗೆ ಹೋಗುವ ಮೊದಲೇ ಪ್ರತಿ ನಾಲ್ಕೈದು ಫ್ರೇಮ್‌ಗೊಂದು ಬ್ರೇಕ್‌ಡೌನ್ ಭಂಗಿ, ಅಂದರೆ ನಡುವಿನ ಭಂಗಿ ಕೊಟ್ಟಿದ್ದರೆ ಈ ಕಾಟ ಬಹುಪಾಲು ತಪ್ಪುತ್ತದೆ. ನಿಂತಿರುವ ಭಂಗಿಯನ್ನು ಹಾಗೇ ನಕಲು ಮಾಡಿದರೆ ಪಾತ್ರ ಗೊಂಬೆಯಾಗುತ್ತದೆ. ನಕಲು ಮಾಡಿ, ಅದೇ ದಿಕ್ಕಿನಲ್ಲಿ ಕೂದಲೆಳೆಯಷ್ಟು ಮುಂದೊತ್ತಿ.

ಮಂಡಿ ಚಟಕ್ಕನೆ ಮುರಿದಂತೆ ಕಂಡರೆ ಕಾಲು ಪೂರ್ತಿ ನೇರವಾಗಿ ಮತ್ತೆ ಮಡಚಿರುತ್ತದೆ. ಎಲ್ಲರೂ ಮಂಡಿಯನ್ನೇ ತಿದ್ದುತ್ತಾ ಕೂರುತ್ತಾರೆ. ಆ ಫ್ರೇಮ್‌ನಲ್ಲಿ ಸೊಂಟ ಸ್ವಲ್ಪ ಇಳಿಸಿದರೆ ಸಾಕು. ಪಾದ ಜಾರುತ್ತಿದ್ದರೆ ಚಲನೆಯನ್ನು ಗೆರೆಯಾಗಿ ತೋರಿಸುವ ಗ್ರಾಫ್ ಎಡಿಟರ್‌ನಲ್ಲಿ ಪಾದದ ಕರ್ವ್ ಎರಡು ಕೀಲಿಗಳ ನಡುವೆ ಉಬ್ಬಿರುತ್ತದೆ, ಅದನ್ನು ಚಪ್ಪಟೆ ಮಾಡಿ. ಕೊನೆಗೆ ಮಣಿಕಟ್ಟು, ಸೊಂಟ, ಮೂಗಿನ ತುದಿ ಸಾಗುವ ದಾರಿಯನ್ನು ಮೋಷನ್ ಟ್ರೇಲ್‌ನಲ್ಲಿ ನೋಡಿ. ಆ ದಾರಿ ಕಾರಣವಿಲ್ಲದೆ ಮೂಲೆ ಮುರಿದಲ್ಲಿ ಕಣ್ಣಿಗೆ ಚುಚ್ಚುತ್ತದೆ. ಚಿತ್ರವನ್ನು ಎಡ ಬಲ ತಿರುಗಿಸಿ ನೋಡುವ ಹಳೇ ಉಪಾಯ ಈಗಲೂ ನಡೆಯುತ್ತದೆ.

ಇನ್ನೊಂದು ಶಾಟ್‌ನಲ್ಲಿ ಮಾತಿರಲಿ, 8ರಿಂದ 10 ಸೆಕೆಂಡು. ತುಟಿ ಚಲನೆಯಲ್ಲಿ ಪ, ಬ, ಮ ಬಂದಾಗ ಬಾಯಿ ಕನಿಷ್ಠ 2 ಫ್ರೇಮ್ ಮುಚ್ಚಿರಬೇಕು, ಆಕಾರ ಶಬ್ದಕ್ಕಿಂತ ಒಂದೆರಡು ಫ್ರೇಮ್ ಮುಂಚೆ ಬರಬೇಕು. ಆದರೂ ಮೊದಲು ತುಟಿಗೆ ಕೈ ಹಾಕಬೇಡಿ. ಧ್ವನಿ ನಿಲ್ಲಿಸಿ ನೋಡಿದಾಗಲೂ ಕಣ್ಣು, ಹುಬ್ಬು, ಭುಜದಿಂದಲೇ ಪಾತ್ರದ ಮನಸ್ಸು ಅರ್ಥವಾದರೆ ಆಮೇಲೆ ತುಟಿ.

ಜೋಡಣೆ

ಅತ್ಯುತ್ತಮ ಶಾಟ್ ಮೊದಲು, ಎರಡನೇ ಉತ್ತಮವಾದದ್ದು ಕೊನೆಗೆ. ಆರಂಭದ ಹೆಸರಿನ ಕಾರ್ಡ್ 3 ಸೆಕೆಂಡು ದಾಟದಿರಲಿ. ಬೆಂಕಿ ಕಾರುವ ಲೋಗೊ, ಕಿವಿಗಡಚಿಕ್ಕುವ ಸಂಗೀತ ಬೇಡವೇ ಬೇಡ. ಬಹಳ ಮಂದಿ ಧ್ವನಿ ಮುಚ್ಚಿಯೇ ನೋಡುತ್ತಾರೆ. ತಂಡದಲ್ಲಿ ಮಾಡಿದ ಶಾಟ್ ಆದರೆ ಮೂಲೆಯಲ್ಲಿ ‘ಎಡಗಡೆ ಪಾತ್ರದ ಅನಿಮೇಷನ್ ಮಾತ್ರ’ ಎಂಬಂತೆ ನಿಮ್ಮ ಪಾಲು ಬರೆಯಿರಿ. ಉಚಿತ ರಿಗ್ ಬಳಸಿದ್ದರೆ ಅದರ ಲೈಸೆನ್ಸ್ ಓದಿ, ಮಾಡಿದವರ ಹೆಸರು ಹಾಕಿ. ಬಿಡುಗಡೆಯಾಗದ ಚಿತ್ರದ ಶಾಟ್‌ಗೆ ಲಿಖಿತ ಅನುಮತಿ ಬೇಕು. ಗೋಪ್ಯತೆ ಒಪ್ಪಂದ ಮುರಿದ ರೀಲ್ ಕಂಡರೆ, ನಾಳೆ ನಮ್ಮ ಕೆಲಸವನ್ನೂ ಹೀಗೇ ಹೊರಗೆ ಬಿಡುತ್ತಾರೆ ಎಂದು ನೋಡುವವರು ಅಂದುಕೊಳ್ಳುತ್ತಾರೆ.

ಅನಿಮೇಟರ್ ರೀಲ್‌ಗೆ ಲೈಟಿಂಗ್ ಕಡ್ಡಾಯವಲ್ಲ, ಶುಭ್ರವಾದ ಪ್ಲೇಬ್ಲಾಸ್ಟ್, ಅಂದರೆ ರೆಂಡರ್ ಮಾಡದೆ ತೆಗೆದ ಮುನ್ನೋಟದ ವಿಡಿಯೊ ನಡೆಯುತ್ತದೆ. ರೆಂಡರ್ ಮಾಡುವುದೇ ಆದರೆ ಫ್ರೇಮ್‌ಗೆ 4 ನಿಮಿಷದಂತೆ 144 ಫ್ರೇಮ್‌ಗೆ 9 ತಾಸು 36 ನಿಮಿಷ. ನೇರವಾಗಿ ವಿಡಿಯೊ ಮಾಡದೆ ಫ್ರೇಮ್‌ಗೊಂದು ಚಿತ್ರದಂತೆ ಪಿಎನ್‌ಜಿ ಸರಣಿಯಾಗಿ ಉಳಿಸಿ. 100ನೇ ಫ್ರೇಮ್‌ನಲ್ಲಿ ಕರೆಂಟ್ ಹೋದರೂ 99 ಉಳಿದಿರುತ್ತವೆ. ಕೊನೆಯ ಕಡತ 1920×1080, ಎಚ್.264, 24 ಫ್ರೇಮ್. ಲಿಂಕ್ ಕಳಿಸುವ ಮುಂಚೆ ಲಾಗಿನ್ ಇಲ್ಲದ ಬ್ರೌಸರ್‌ನಲ್ಲಿ ತೆರೆದು ನೋಡಿ.

ದಿನಚರಿಯೇ ದರಪಟ್ಟಿ

ಪ್ರತಿ ಶಾಟ್‌ನ ಬ್ಲಾಕಿಂಗ್, ಸ್ಪ್ಲೈನ್, ಕೊನೆಯ ಪಾಲಿಶ್‌ಗೆ ಎಷ್ಟು ಹೊತ್ತು ಹಿಡಿಯಿತೆಂದು ಬರೆದಿಡಿ. ಸಂದರ್ಶನದಲ್ಲಿ ಈ ಪ್ರಶ್ನೆ ಬರುತ್ತದೆ. ಚಲನಚಿತ್ರದಲ್ಲಿ ವಾರಕ್ಕೆ ಕೆಲವೇ ಸೆಕೆಂಡು ಸಾಕಾದರೆ, ಟಿವಿ ಸರಣಿಯಲ್ಲಿ ಅದರ ಹಲವು ಪಟ್ಟು ಕೇಳುತ್ತಾರೆ. ಸ್ವತಂತ್ರವಾಗಿ ಕೆಲಸ ಹಿಡಿದಾಗಲೂ ಇದೇ ಆಧಾರ. 6 ಸೆಕೆಂಡಿಗೆ 5 ದಿನ ಹಿಡಿದಿದ್ದರೆ 30 ಸೆಕೆಂಡಿಗೆ 25 ದಿನ; ತಿದ್ದುಪಡಿಗೆ ಕಾಲು ಭಾಗ ಸೇರಿಸಿದರೆ 31. ದರ ಹೇಳುವುದು ಈ 31ಕ್ಕೆ. ಎರಡು ಸುತ್ತಿನ ತಿದ್ದುಪಡಿ ಮಾತ್ರ ಉಚಿತ, ಬ್ಲಾಕಿಂಗ್ ಒಪ್ಪಿದ ಮೇಲೆ ಕ್ಯಾಮೆರಾ ಬದಲಿಸಿದರೆ ಹೆಚ್ಚುವರಿ ಹಣ ಎಂಬುದನ್ನು ಕೆಲಸ ಶುರುವಾಗುವ ಮೊದಲೇ ಬರವಣಿಗೆಯಲ್ಲಿ ಕೊಡಿ. ಸ್ಪ್ಲೈನ್ ಮುಗಿದ ಶಾಟ್‌ನಲ್ಲಿ ಕೋನ ತುಸು ತಿರುಗಿದರೂ ಭಂಗಿಗಳನ್ನು ಬಹುತೇಕ ಮತ್ತೆ ನಿಲ್ಲಿಸಬೇಕಾಗುತ್ತದೆ.