ಭಾನುವಾರ ಬೆಳಿಗ್ಗೆ ಪಂಪ್ ರೂಮಿನಲ್ಲಿ ಅರ್ಧ ಗಂಟೆ

ಮುಲುಂಡ್‌ನಲ್ಲಿರುವ ನಮ್ಮ ಕಟ್ಟಡಕ್ಕೆ 16 ಮಹಡಿ. ಮೂರು ವರ್ಷದ ಹಿಂದೆ ದೀಪಾವಳಿಯ ರಾತ್ರಿ ಏಳನೇ ಮಹಡಿಯ ಬಾಲ್ಕನಿಗೆ ರಾಕೆಟ್ ನುಗ್ಗಿ ಹಳೆ ಹಾಸಿಗೆ ಹೊತ್ತಿಕೊಂಡಿತು. ನಾನೇ ಹೋಸ್ ರೀಲ್ (ಬೆಂಕಿ ಆರಿಸಲು ಸುತ್ತಿಟ್ಟಿರುವ ರಬ್ಬರ್ ಪೈಪ್) ಎಳೆದು ವಾಲ್ವ್ ತಿರುಗಿಸಿದೆ. ಬುಸ್ ಅಂತ ಗಾಳಿ ಬಂತು. ಒಂದು ಚೊಂಬಿನಷ್ಟು ಕೆಂಪು ನೀರು ಬಂತು. ಅಷ್ಟೇ. ಅಕ್ಕಪಕ್ಕದವರೆಲ್ಲ ಬಕೆಟ್‌ನಲ್ಲಿ ನೀರು ಸುರಿದು ಆರಿಸಿದೆವು.

ಕೆಳಗೆ ಓಡಿ ನೋಡಿದರೆ ಈ ಪೈಪಿಗೆ ನೀರು ಏರಿಸುವ ಫೈರ್ ಪಂಪ್‌ಗಳ ಪ್ಯಾನೆಲ್‌ನ ಸ್ವಿಚ್ ಆಫ್‌ನಲ್ಲಿತ್ತು. ಟೆರೇಸ್ ಟ್ಯಾಂಕಿನ ವಾಲ್ವನ್ನೂ ಯಾರೋ ಮುಚ್ಚಿದ್ದರು. ನಮ್ಮ ವಾಚ್‌ಮನ್ ಇಂಡಿ ಕಡೆಯವರು. "ಸಣ್ಣ ಪಂಪು ರಾತ್ರಿಯೆಲ್ಲ ಚಾಲೂ ಆಗೂದು, ಬಂದ್ ಆಗೂದು ನಡದಿತ್ರಿ ಸರ. ಮೊದಲನೇ ಮಾಳಿಗಿಯವರು ನಿದ್ದಿ ಬರವಲ್ದು ಅಂತ ಬೈದ್ರು. ಅದಕ್ಕ ಬಂದ್ ಮಾಡೀನ್ರಿ" ಅಂದರು. ತಪ್ಪು ಅವರದಲ್ಲ. ಕಮಿಟಿಯಲ್ಲಿದ್ದ ನಾವು ಯಾರೂ ಆ ರೂಮಿಗೆ ಕಾಲಿಟ್ಟಿರಲಿಲ್ಲ. ಅಂದಿನಿಂದ ಪ್ರತಿ ಭಾನುವಾರ ನಾನು ಅಲ್ಲಿರುತ್ತೇನೆ. ನಿಮ್ಮ ಸೊಸೈಟಿಯಲ್ಲೂ ಯಾರಾದರೂ ಒಬ್ಬರು ಇದನ್ನು ಹಿಡಿದುಕೊಳ್ಳಿ.

ಮೊದಲು ಪ್ಯಾನೆಲ್ ನೋಡಿ. ಎಲ್ಲ ಸ್ವಿಚ್ ಆಟೋದಲ್ಲಿರಬೇಕು. ಆಮೇಲೆ ಪ್ರೆಶರ್ ತೋರಿಸುವ ಗೇಜ್. ಹತ್ತು ಮೀಟರ್ ಮೇಲೇರಲು ನೀರಿಗೆ ಸುಮಾರು ಒಂದು ಕೆ.ಜಿ. (ಚದರ ಸೆಂ.ಮೀ.ಗೆ) ಪ್ರೆಶರ್ ಬೇಕು. ನಮ್ಮ ಕಟ್ಟಡ ಸುಮಾರು 48 ಮೀಟರ್. ಕೆಳಗೆ 9 ಕೆ.ಜಿ. ಇದ್ದರೆ ಮೇಲೆ ಉಳಿಯುವುದು 4 ಚಿಲ್ಲರೆ. ನೀರು ಹರಿಯುವಾಗ ಕೊನೆಯ ಹೈಡ್ರಂಟ್‌ನಲ್ಲಿ (ದೊಡ್ಡ ಹೋಸ್ ಜೋಡಿಸುವ ನಲ್ಲಿ) 3.5 ಆದರೂ ಸಿಗಬೇಕು. ಹಾಗಾಗಿ ಕೆಳಗಿನ ಮುಳ್ಳು ಇಳಿದಿದ್ದರೆ ಸುಮ್ನೆ ಬಿಡಬೇಡಿ.

ಈಗ ಪೈಪಿನ ನೀರು ಹೊರಬಿಡುವ ಟೆಸ್ಟ್ ವಾಲ್ವನ್ನು ನಿಧಾನಕ್ಕೆ ತೆರೆಯಿರಿ, ಕಿವಿ ಅಲ್ಲೇ ಇರಲಿ. ನಮ್ಮಲ್ಲಿ ಮುಳ್ಳು 8ಕ್ಕೆ ಬಂದಾಗ ಜಾಕಿ ಪಂಪ್ (ಪೈಪಿನ ಪ್ರೆಶರ್ ಇಳಿಯದಂತೆ ಕಾಯುವ ಸಣ್ಣ ಪಂಪ್) ಗುಂಯ್ ಅನ್ನುತ್ತದೆ. ಇನ್ನಷ್ಟು ತೆರೆದರೆ 7ಕ್ಕೆ ಮೇನ್ ಪಂಪ್ ಎದ್ದು ನೆಲ ನಡುಗುತ್ತದೆ. ಮೇನ್ ತಾನಾಗಿ ನಿಲ್ಲಬಾರದು, ಕೈಯಿಂದಲೇ ನಿಲ್ಲಿಸಬೇಕು. ಬೆಂಕಿ ಆರುವ ಮೊದಲೇ ಪಂಪ್ ನಿಂತುಬಿಟ್ಟರೆ ಗತಿಯೇನು ಅಲ್ವಾ? ಮುಂದೆ ಮೇನ್ ಪಂಪಿನ ಸ್ವಿಚ್ ಆಫ್ ಮಾಡಿ ಕಾಯಿರಿ. ಪ್ರೆಶರ್ 6ಕ್ಕೆ ಇಳಿದಾಗ ಡೀಸೆಲ್ ಪಂಪ್ ಸೆಲ್ಫ್ ಹೊಡೆದುಕೊಂಡು ಶುರುವಾಗಬೇಕು. ಆಗದಿದ್ದರೆ ಮೊದಲು ಬ್ಯಾಟರಿ ನೋಡಿ. ಟರ್ಮಿನಲ್ ಮೇಲೆ ಬಿಳಿ ಪುಡಿ ಕಟ್ಟಿರುತ್ತದೆ. ಎಲ್ಲ ಮುಗಿದ ಮೇಲೆ ವಾಲ್ವ್ ಮುಚ್ಚಿ, ಮರೆಯದೆ ಎಲ್ಲವನ್ನೂ ಆಟೋಗೆ ತನ್ನಿ.

ಬೆಂಕಿ ಬಿದ್ದಾಗ ಕಟ್ಟಡದ ಕರೆಂಟ್ ಕಡಿಯುತ್ತಾರೆ. ಫೈರ್ ಪಂಪಿನ ಲೈನ್ ಬೇರೆಯೇ ಇದೆಯಾ ಅಂತ ಎಲೆಕ್ಟ್ರಿಷಿಯನ್ ಹತ್ತಿರ ಇವತ್ತೇ ಕೇಳಿ.

ಜಾಕಿ ಪದೇ ಪದೇ ಶುರುವಾಗುತ್ತಿದ್ದರೆ ಸಾಮಾನ್ಯವಾಗಿ ಎಲ್ಲೋ ಸೋರುತ್ತಿದೆ ಅಂತ ಅರ್ಥ. ನಮ್ಮಲ್ಲಿ ಗಡಿಯಾರ ಹಿಡಿದು ಕೂತೆ: ನಾಲ್ಕು ನಿಮಿಷಕ್ಕೊಮ್ಮೆ ಏಳುತ್ತಿತ್ತು. ಪ್ರತಿ ಮಹಡಿಯ ಹೈಡ್ರಂಟ್ ಕೆಳಗೆ ಒಣ ಪೇಪರ್ ಹಾಸಿ ಹುಡುಕಿದೆವು. ಒಂಬತ್ತನೆಯದರಲ್ಲಿ ಪೇಪರ್ ಒದ್ದೆಯಾಗಿತ್ತು. ಹಳೆ ವಾಷರ್ ಹರಿದಿತ್ತು, ಪ್ಲಂಬರ್ ಬಂದು ಬದಲಿಸಿದ. ಈಗ ದಿನಕ್ಕೆ ಒಂದೆರಡು ಸಲ ಮಾತ್ರ ಸದ್ದು. ಆ ವಾಷರ್‌ಗಾಗಿಯೇ ಇಡೀ ಕಟ್ಟಡದ ಪಂಪ್ ಬಂದ್ ಆಗಿತ್ತು.

ಫೈರ್ ಟ್ಯಾಂಕ್ ತುಂಬಿದೆಯಾ ನೋಡಿ. ಮೇ ತಿಂಗಳಲ್ಲಿ ನೀರು ಕಡಿಮೆಯಾದಾಗ ಅದರ ಮೇಲೆ ಎಲ್ಲರ ಕಣ್ಣು. ಕೊಡಬೇಡಿ. ಮಹಡಿಗಳಲ್ಲಿ ಹೋಸ್ ಬಾಕ್ಸ್ ತೆರೆದು ನಾಝಲ್ (ಹೋಸ್ ತುದಿಯ ಲೋಹದ ಮೂತಿ) ಇದೆಯಾ ನೋಡಿ. ಗುಜರಿಗೆ ಹಾಕಿದರೆ ಒಳ್ಳೆ ಬೆಲೆ ಬರುವುದರಿಂದ ಕದಿಯುತ್ತಾರೆ. ಬಾಕ್ಸ್ ಮುಂದಿನ ಚಪ್ಪಲಿ ಸ್ಟ್ಯಾಂಡ್ ತೆಗೆಸಿ, ಜಗಳವಾದರೂ ಸರಿ. ಮಹಾರಾಷ್ಟ್ರದ 2006ರ ಅಗ್ನಿ ಸುರಕ್ಷತಾ ಕಾನೂನಿನಂತೆ ಜನವರಿ ಮತ್ತು ಜುಲೈನಲ್ಲಿ ಲೈಸನ್ಸ್ ಇರುವ ಏಜೆನ್ಸಿಯಿಂದ ಫಾರ್ಮ್ ಬಿ (ಬೆಂಕಿ ಆರಿಸುವ ವ್ಯವಸ್ಥೆ ಸರಿಯಿದೆ ಅನ್ನುವ ಪ್ರಮಾಣಪತ್ರ) ಪಡೆದು ಅಗ್ನಿಶಾಮಕ ಇಲಾಖೆಗೆ ಕೊಡಲೇಬೇಕು. ಅವರು ಬಂದಾಗ ಬರೀ ಸಹಿ ಹಾಕಿಸಿಕೊಂಡು ಕಳಿಸಬೇಡಿ. ಜೊತೆಗೆ ನಿಂತು ಮೇಲಿನ ಮಹಡಿಯಲ್ಲಿ ನೀರು ಬಿಡಿಸಿ.

ಮನೆಯವರಿಗೆ ಹೋಸ್ ರೀಲ್ ಸಾಕು. ದೊಡ್ಡ ಕ್ಯಾನ್ವಾಸ್ ಹೋಸ್ ಹಿಡಿಯಲು ಅಭ್ಯಾಸ ಬೇಕು, ಒಬ್ಬರ ಕೈಯಲ್ಲಿ ನಿಲ್ಲುವುದಿಲ್ಲ. ಕರೆಂಟ್ ಕಡಿಯದೆ ಮೀಟರ್ ರೂಮಿಗೆ ನೀರು ಹೊಡೆಯಬೇಡಿ. ಮೊದಲೇ 101ಕ್ಕೆ ಫೋನ್ ಮಾಡಿ. ಹೊಗೆ ತುಂಬುತ್ತಿದ್ದರೆ ಬಾಗಿಲು ಎಳೆದುಕೊಂಡು ಮೆಟ್ಟಿಲಿಳಿಯಿರಿ. ಲಿಫ್ಟ್ ಬೇಡ.

ನಾವು ವರ್ಷಕ್ಕೊಮ್ಮೆ ಏಪ್ರಿಲ್ 14ಕ್ಕೆ ಎಲ್ಲ ಮನೆಯವರನ್ನೂ ಸೇರಿಸಿ ಹೋಸ್ ರೀಲ್ ಎಳೆಸುತ್ತೇವೆ. 1944ರಲ್ಲಿ ಅದೇ ದಿನ ಇದೇ ಮುಂಬೈ ಬಂದರಿನಲ್ಲಿ ಹಡಗು ಸಿಡಿದು ಬೆಂಕಿ ಆರಿಸಲು ಹೋದ ಎಷ್ಟೋ ಅಗ್ನಿಶಾಮಕರು ಸತ್ತರು.

ಪ್ಯಾನೆಲ್ ಪಕ್ಕ ಮರಾಠಿ, ಹಿಂದಿಯಲ್ಲಿ ಬೋರ್ಡ್ ಹಾಕಿಸಿದ್ದೇವೆ. ಅದರ ಕೆಳಗೆ ನಮ್ಮ ವಾಚ್‌ಮನ್ ಸ್ಕೆಚ್ ಪೆನ್ನಿನಲ್ಲಿ ಕನ್ನಡದಲ್ಲೂ ಬರೆದಿದ್ದಾರೆ: "ಸ್ವಿಚ್ ಮುಟ್ಟಬ್ಯಾಡ್ರಿ. ಸಪ್ಪಳಾದ್ರ ಎಲ್ಲಿ ಸೋರತೈತಿ ನೋಡ್ರಿ."